ರಸ್ತೆಯ ಆಯುಷ್ಯ, ರಸ್ತೆ ಮಾಡುವವನ ಪಗಾರ

ಮುಂಬಯಿಯ ರಸ್ತೆಗಳಿಗೆ ವಯಸ್ಸಾಗಿದೆ ಎಂದು ಯಾರೂ ಯಾರಿಗೂ ತಿಳಿಸಿ ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಅಂಧೇರಿಯಿಂದ ಸಾಕಿನಾಕಾಕ್ಕೆ ರಿಕ್ಷಾದಲ್ಲಿ ಹೋದವರ ಸೊಂಟವೇ ಅದನ್ನು ಹೇಳುತ್ತದೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಕೆಲವು ಕಡೆ ರಸ್ತೆಯೇ ಎತ್ತರವಾಗಿ ಪಕ್ಕದ ಚಾಳಿನ ಹೊಸ್ತಿಲು ತಗ್ಗಾಗಿದೆ. ರಸ್ತೆಯ ಅಡಿಯಲ್ಲಿ ನೀರಿನ ಕೊಳವೆ, ಗಟಾರ, ಗ್ಯಾಸ್, ವಿದ್ಯುತ್ ಕೇಬಲ್, ಟೆಲಿಫೋನ್ ತಂತಿ ಎಲ್ಲವೂ ಒಂದರ ಪಕ್ಕ ಒಂದು. ಒಬ್ಬರು ಮುಚ್ಚಿ ಹೋದದ್ದನ್ನು ಮರುವಾರ ಇನ್ನೊಬ್ಬರು ಬಂದು ಅಗೆಯುತ್ತಾರೆ. ಡಾಂಬರಿಗೆ ನೀರೇ ಶತ್ರು. ಬಿರುಕಿನೊಳಗೆ ಒಮ್ಮೆ ನೀರು ಇಳಿಯಿತೆಂದರೆ ಅಡಿಯ ಜಲ್ಲಿ ಸಡಿಲವಾಗುತ್ತದೆ, ಮೇಲೆ ನಾಲ್ಕು ಬಸ್ಸು ಓಡುವಷ್ಟರಲ್ಲಿ ಹೊಂಡ ಬೀಳುತ್ತದೆ.

ಇದಕ್ಕೆ ಮಹಾನಗರ ಪಾಲಿಕೆ ಕಂಡುಕೊಂಡ ಉತ್ತರ ಕಾಂಕ್ರೀಟ್. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಮುಂಬಯಿಯಲ್ಲಿ ಸುಮಾರು 400 ಕಿ.ಮೀ. ರಸ್ತೆಗಳ ಕಾಂಕ್ರೀಟೀಕರಣಕ್ಕೆ ಚಾಲನೆ ಕೊಟ್ಟರು. ವೆಚ್ಚ ಸುಮಾರು 6,100 ಕೋಟಿ ರೂ. ನಗರದ ಒಟ್ಟು ಸುಮಾರು 2,050 ಕಿ.ಮೀ. ರಸ್ತೆಯಲ್ಲಿ 1,200 ಕಿ.ಮೀ.ಗೂ ಹೆಚ್ಚು ಆ ಹೊತ್ತಿಗೇ ಕಾಂಕ್ರೀಟ್ ಆಗಿತ್ತು ಅಥವಾ ಆಗುತ್ತಿತ್ತು. ಚೆನ್ನಾಗಿ ಮಾಡಿದ ಕಾಂಕ್ರೀಟ್ ರಸ್ತೆ 30 ವರ್ಷ ಬಾಳಬೇಕು ಎಂಬ ಲೆಕ್ಕದಲ್ಲಿ ಅದನ್ನು ರೂಪಿಸುತ್ತಾರೆ. ಗುಣಮಟ್ಟ ನೋಡಲು 2024ರಲ್ಲಿ ಮುಂಬಯಿ ಐಐಟಿಯನ್ನು ನೇಮಿಸಲಾಯಿತು. 2016ರಲ್ಲಿ 34 ರಸ್ತೆಗಳ ಕಾಮಗಾರಿಯ ಹಗರಣ ಹೊರಬಿದ್ದು, ಗುತ್ತಿಗೆದಾರರ ಮೇಲೆ ಪೊಲೀಸ್ ದೂರು ದಾಖಲಾಗಿ, ಗುಣಮಟ್ಟ ನೋಡಬೇಕಾದವರೇ ಬಂಧನಕ್ಕೊಳಗಾದುದನ್ನು ನೆನೆದರೆ ಐಐಟಿಯವರ ನೇಮಕ ಸ್ವಾಗತಾರ್ಹವೇ ಸರಿ.

ಸಿಮೆಂಟು ಎಷ್ಟು, ಜಲ್ಲಿ ಎಷ್ಟು, 28 ದಿನಗಳ ನಂತರ ಕಾಂಕ್ರೀಟಿನ ಬಲ ಎಷ್ಟು ಎಂದು ಈಗ ಪರೀಕ್ಷೆಯಾಗುತ್ತದೆ. ಅಳತೆ ಪುಸ್ತಕ ತುಂಬುತ್ತದೆ, ಬಿಲ್ಲು ಪಾಸಾಗುತ್ತದೆ. ಆದರೆ ಇಷ್ಟೆಲ್ಲ ಪುಸ್ತಕಗಳ ನಡುವೆ ಯಾರೂ ಸರಿಯಾಗಿ ತೆರೆದು ನೋಡದ ಇನ್ನೊಂದು ಪುಸ್ತಕವಿದೆ. ಅದು ಹಾಜರಿ ಪುಸ್ತಕ.

ರಸ್ತೆ ಕೆಲಸಕ್ಕೆ ಬರುವವರು ಯಾರು? ಉಪನಗರಗಳ ಕಾರ್ಮಿಕ ನಾಕಾಗಳಲ್ಲಿ, ಠಾಣೆ, ನವಿಮುಂಬಯಿಯ ಫ್ಲೈಓವರುಗಳ ಕೆಳಗೆ ಬೆಳಿಗ್ಗೆ ಏಳು ಗಂಟೆಗೆ ನಿಂತು ಕಿವಿಗೊಟ್ಟರೆ ಉತ್ತರ ಸಿಗುತ್ತದೆ. ಅಲ್ಲಿ ಕೇಳಿಬರುವ ಮಾತಿನಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡವೂ ಇದೆ, ತಾಂಡಾಗಳ ಲಂಬಾಣಿಯೂ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಮಕ್ಕಳು, ಗಂಟುಮೂಟೆ ಸಮೇತ ಬಂದು ಇಳಿಯುವ ಈ ಜನ ಗೌಂಡಿಗಳು, ಬಿಗಾರಿಗಳು, ಮಣ್ಣು ಹೊರುವ ಹೆಂಗಸರು. ಮುಂಬಯಿಯ ತುಳು-ಕನ್ನಡಿಗರ ಸಭೆ ಸಮಾರಂಭಗಳಲ್ಲಿ ಇವರ ಮುಖ ಕಾಣುವುದಿಲ್ಲ. ಕನ್ನಡ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ನಾಕಾದವರೆಗೆ ಹೋದದ್ದೂ ಇಲ್ಲ.

ಇವರ ಪಗಾರದ ಕಥೆ ರಸ್ತೆಯ ಕಥೆಗಿಂತ ಜಟಿಲ. ಪಾಲಿಕೆ ಕೆಲಸ ಕೊಡುವುದು ಒಬ್ಬ ದೊಡ್ಡ ಗುತ್ತಿಗೆದಾರನಿಗೆ. ಅವನು ತುಂಡು ತುಂಡಾಗಿ ಉಪಗುತ್ತಿಗೆ ಕೊಡುತ್ತಾನೆ. ಉಪಗುತ್ತಿಗೆದಾರ ಜನ ತರಲು ಮುಕಾದಮನಿಗೆ ಹೇಳುತ್ತಾನೆ. ಮುಕಾದಮ ಊರಿಗೆ ಹೋಗಿ ಉಚಲ್ ಎಂದು ಮುಂಗಡ ಕೊಟ್ಟು ಜೋಡಿಗಳನ್ನು ಕರೆತರುತ್ತಾನೆ. ಆ ಮೇಲೆ ವಾರಕ್ಕೊಮ್ಮೆ ಖರ್ಚಿಗೆಂದು ಒಂದಷ್ಟು ಕೈಗೆ ಕೊಟ್ಟು ಉಳಿದದ್ದನ್ನು ತನ್ನ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಆ ಡೈರಿಯೇ ಪಗಾರ ಪತ್ರ, ಆ ಡೈರಿಯೇ ಪಾಸ್‌ಬುಕ್. ಎಷ್ಟು ದಿನ ಹಾಜರಿ, ಎಷ್ಟು ಅರ್ಧ ದಿನ, ಉಚಲಿನಲ್ಲಿ ಎಷ್ಟು ಮುರಿದರು ಎಂಬುದೆಲ್ಲ ಅದರಲ್ಲೇ.

ಲೆಕ್ಕ ಚುಕ್ತಾ ಆಗುವುದು ಯಾವಾಗ? ಮಳೆಗಾಲಕ್ಕೆ ಮುಂಚೆ. ಮುಂಬಯಿಯಲ್ಲಿ ಮೇ 31ರೊಳಗೆ ಅಗೆದ ರಸ್ತೆಗಳನ್ನು ವಾಹನ ಓಡುವಂತೆ ಮಾಡಿಕೊಡಬೇಕೆಂಬ ಗಡುವು ಪ್ರತಿ ವರ್ಷದ್ದು. ಆಗ ಹಗಲು ರಾತ್ರಿ ಕೆಲಸ. ಅದೇ ಹೊತ್ತಿಗೆ ಊರಿನಲ್ಲಿ ತೊಗರಿ, ಹೆಸರು ಬಿತ್ತನೆಗೆ ಹೊಲ ಕಾಯುತ್ತಿರುತ್ತದೆ. ಹೋಗಲೇಬೇಕಾದ ಅವಸರ ಕೂಲಿಯವನದ್ದು, ಕೊಡದೆ ಕಳಿಸಿದರೂ ನಡೆಯುತ್ತದೆಂಬ ಧೈರ್ಯ ಎದುರಿನವನದ್ದು. “ಈಗ ಇಷ್ಟು ತಗೊ, ಬಾಕಿ ದೀಪಾವಳಿಗೆ ಬಂದಾಗ ನೋಡೋಣ” ಎಂಬ ಮಾತಿನಲ್ಲಿ ಎಂಟು ತಿಂಗಳ ದುಡಿಮೆಯ ಒಂದು ಪಾಲು ನಿಂತುಬಿಡುತ್ತದೆ. ದೀಪಾವಳಿಗೆ ಬಂದಾಗ ಮುಕಾದಮ ಬೇರೆಯವನಿರುತ್ತಾನೆ, ಉಪಗುತ್ತಿಗೆದಾರನೂ ಬೇರೆಯವನಿರುತ್ತಾನೆ. ರಸ್ತೆ ಮಾತ್ರ ಅಲ್ಲೇ ಇರುತ್ತದೆ.

ಈಗ ಎಲ್ಲವೂ ಬ್ಯಾಂಕಿನ ಮೂಲಕ ಅಲ್ಲವೇ ಎಂದು ಕೇಳುವವರಿದ್ದಾರೆ. 2014ರ ಆಗಸ್ಟ್‌ನಲ್ಲಿ ಜನಧನ ಯೋಜನೆ ಬಂದ ಮೇಲೆ ಖಾತೆ ಇಲ್ಲದ ಕಾರ್ಮಿಕ ಅಪರೂಪ, ನಿಜ. ಆದರೆ ಖಾತೆ ಇರುವುದೊಂದು, ಖಾತೆ ಕೈಯಲ್ಲಿರುವುದು ಇನ್ನೊಂದು. ಸೈಟಿನ ಹತ್ತಿರದ ಶಾಖೆಯಲ್ಲಿ ಒಂದೇ ದಿನ ಇಪ್ಪತ್ತು ಖಾತೆ ತೆರೆದು, ಇಪ್ಪತ್ತಕ್ಕೂ ಮುಕಾದಮನ ಮೊಬೈಲ್ ನಂಬರನ್ನೇ ಜೋಡಿಸಿ, ಎಟಿಎಂ ಕಾರ್ಡುಗಳನ್ನೂ ಅವನೇ ಇಟ್ಟುಕೊಂಡರೆ ಬ್ಯಾಂಕಿನ ಮೂಲಕ ಪಗಾರ ಬಂದಿತೆಂಬ ದಾಖಲೆ ಮಾತ್ರ ಸಿಗುತ್ತದೆ. ಕೌಂಟರಿನಲ್ಲಿ ಕೂತು ಕೆಲಸ ಮಾಡಿದ ಯಾರನ್ನು ಕೇಳಿದರೂ ಇಂಥದ್ದೊಂದು ಪ್ರಸಂಗ ಹೇಳಿಯಾರು.

ಇನ್ನು ಭವಿಷ್ಯನಿಧಿ. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 15,000 ರೂ. ವೇತನದ ಮಿತಿಯನ್ನೇ ಹಿಡಿದರೆ ಕಾರ್ಮಿಕನ ಪಾಲು ಶೇ. 12, ಅಂದರೆ 1,800 ರೂ. ಮಾಲಕನ ಪಾಲೂ 1,800. ಮಾಲಕನ ಪಾಲಿನಲ್ಲಿ ಶೇ. 8.33, ಅಂದರೆ 1,250 ರೂ. ಪಿಂಚಣಿ ನಿಧಿಗೆ ಹೋಗಿ ಉಳಿದ 550 ರೂ. ಭವಿಷ್ಯನಿಧಿಗೆ ಸೇರುತ್ತದೆ. ಹಾಗೆ ಖಾತೆಗೆ ಬೀಳಬೇಕಾದದ್ದು ತಿಂಗಳಿಗೆ 2,350 ರೂ. ವರ್ಷಕ್ಕೆ ಎಂಟೇ ತಿಂಗಳು ಕೆಲಸ ಎಂದುಕೊಂಡರೂ 18,800 ರೂ. ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು 1,88,000 ರೂ. ಇದರ ಮೇಲೆ ಪಿಂಚಣಿ ಬೇರೆ. ವಂತಿಗೆ ಕಟ್ಟಿದ ಸೇವೆ ಹತ್ತು ವರ್ಷ ತುಂಬಿದರೆ 58ರ ನಂತರ ಇದೇ ವೇತನದ ಮೇಲೆ ತಿಂಗಳಿಗೆ ಸುಮಾರು 2,140 ರೂ. ದೊಡ್ಡ ಮೊತ್ತವೇನಲ್ಲ. ಆದರೆ ಬೆನ್ನು ಬಾಗಿ ಊರಿಗೆ ಮರಳಿದ ಗೌಂಡಿಗೆ, ಅವನು ಹೋದ ಮೇಲೆ ಅವನ ಹೆಂಡತಿಗೆ, ಅದು ಮಗನ ಮುಂದೆ ಕೈಚಾಚದೆ ಬದುಕಲು ಒಂದು ಆಸರೆ.

ಈ ಹಣ ಕಟ್ಟಿದ್ದಾರೋ ಇಲ್ಲವೋ ಎಂದು ತಿಳಿಯುವುದು ಕಷ್ಟವೇನಲ್ಲ. ಭವಿಷ್ಯನಿಧಿ ಕಚೇರಿಗೆ ಪ್ರತಿ ತಿಂಗಳು 15ರೊಳಗೆ ಮಾಲಕರು ಸಲ್ಲಿಸಬೇಕಾದ ಇಸಿಆರ್ ಎಂಬ ವಿವರಣ ಪಟ್ಟಿಯಲ್ಲಿ ಪ್ರತಿಯೊಬ್ಬ ಕಾರ್ಮಿಕನ ಹೆಸರು, ವೇತನ, ಕಟ್ಟಿದ ಮೊತ್ತ ಇರುತ್ತದೆ. ಸೈಟಿನಲ್ಲಿ ನಲವತ್ತು ಜನ ದುಡಿಯುತ್ತಿದ್ದು ಪಟ್ಟಿಯಲ್ಲಿ ಹನ್ನೆರಡೇ ಹೆಸರಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬಿಲ್ಲಿಗೆ ಆ ಪಟ್ಟಿಯನ್ನು ಲಗತ್ತಿಸಿ, ವಾರ್ಡಿನ ಎಂಜಿನಿಯರ್ ಒಂದು ರಾತ್ರಿ ಕಾಂಕ್ರೀಟ್ ಸುರಿಯುವಾಗ ಹೋಗಿ ಹೆಸರು ಕೂಗಿದರೆ ಸಾಕು. ಕಾಂಕ್ರೀಟಿನ ಘನವನ್ನು ಪರೀಕ್ಷೆಗೆ ಎತ್ತಿಕೊಳ್ಳುವವರಿಗೆ ಇದು ಹೆಚ್ಚಿನ ಶ್ರಮವಲ್ಲ.

ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ, ಬೆನ್ನಿಗೇ ಇದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಮಾಲಕನೇ ಕೊಟ್ಟು, ಆ ಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ನಿಯಮವಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದುಕೊಂಡಿದೆ. ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಪಾಳಿ ಮುಗಿಯುವಾಗ ಕೊಡಬೇಕು, ವಾರದ ಪಗಾರವನ್ನು ವಾರದ ರಜೆಗೆ ಮುಂಚೆ, ತಿಂಗಳ ಪಗಾರವನ್ನು ಮರುತಿಂಗಳ 7ರೊಳಗೆ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಉಚಲನ್ನೂ ಸೇರಿಸಿ ಒಟ್ಟು ಕಡಿತ ಪಗಾರದ ಅರ್ಧವನ್ನು ಮೀರುವಂತಿಲ್ಲ. ಬಾಕಿಗಾಗಿ ಮೂರು ವರ್ಷದವರೆಗೆ ದೂರು ಕೊಡಬಹುದು, ಮತ್ತು ಪಗಾರ ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಮಾಲಕನದ್ದು. ಹೀಗಿರುವಾಗ ದೀಪಾವಳಿಯ ವಾಯಿದೆಗೆ ಕಾನೂನಿನಲ್ಲಿ ಜಾಗವೇ ಇಲ್ಲ.

ಸಂಹಿತೆಗಳಲ್ಲಿ ಎಲ್ಲವೂ ಕಾರ್ಮಿಕನ ಪರವಾಗಿಯೇ ಇದೆ ಎಂದೂ ಹೇಳಲಾಗದು. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗಲು ಮೊದಲು ಕೇಂದ್ರ ಕಾಯ್ದೆಯಲ್ಲಿ 20 ಜನ ಸಾಕಾಗಿತ್ತು, ಈಗ 50 ಬೇಕು. ನಲವತ್ತು ನಲವತ್ತು ಜನರ ಗುಂಪು ಮಾಡಿಕೊಂಡು ನುಣುಚಿಕೊಳ್ಳಲು ನೋಡುವವರು ಇದ್ದೇ ಇರುತ್ತಾರೆ. ಅದಕ್ಕೇ ಉಪಗುತ್ತಿಗೆದಾರನ ಹಿಂದೆ ಓಡುವುದಕ್ಕಿಂತ ಪಾಲಿಕೆಯ ಬಿಲ್ಲಿನಲ್ಲೇ ಹಿಡಿಯುವುದು ಜಾಣತನ.

ಗುತ್ತಿಗೆದಾರರ ಕಡೆಯದೂ ಒಂದು ವಾದವಿದೆ. ಕೂಲಿಯವರಿಗೇ ಭವಿಷ್ಯನಿಧಿ ಬೇಡ, ಪೂರಾ ನಗದು ಕೈಗೆ ಕೊಡಿ ಎನ್ನುತ್ತಾರೆ, ಬಲವಂತ ಮಾಡಿದರೆ ಪಕ್ಕದ ಸೈಟಿಗೆ ಹೋಗುತ್ತಾರೆ ಎಂದು. ಸುಳ್ಳಲ್ಲ. ಆದರೆ ಬೇಡ ಎನ್ನುವುದು ಯಾಕೆ? ಮುರಿದ ಹಣ ಮರಳಿ ಬಂದುದನ್ನು ಅವರು ಕಂಡಿಲ್ಲ. ಅಣ್ಣನ ಪಿ.ಎಫ್. ಒಂದೇ ಒಂದು ಸಲ ಸರಿಯಾಗಿ ಕೈಗೆ ಬಂದಿದ್ದರೆ ತಮ್ಮ ಹೀಗೆ ಹೇಳುತ್ತಿರಲಿಲ್ಲ.

ಪಾಲಿಕೆಗೆ ಈ ಪಾಠ ಹೊಸದಲ್ಲ. ಕಸ ಸಾಗಿಸುವ ಗುತ್ತಿಗೆ ಕಾರ್ಮಿಕರನ್ನು ವರ್ಷಾನುಗಟ್ಟಲೆ ಕಾರ್ಮಿಕರೆಂದೇ ಕರೆಯದೆ ಸ್ವಯಂಸೇವಕರೆಂದು ಕರೆದು, ಪಗಾರಕ್ಕೆ ಮಾನಧನ ಎಂದು ಹೆಸರಿಟ್ಟದ್ದುಂಟು. ಕಚರಾ ವಾಹತೂಕ್ ಶ್ರಮಿಕ ಸಂಘ ಔದ್ಯೋಗಿಕ ನ್ಯಾಯಮಂಡಳಿಗೆ ಹೋಯಿತು. 2014ರಲ್ಲಿ ಅಲ್ಲಿ ಗೆದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರ ಏಪ್ರಿಲ್‌ನಲ್ಲಿ 2,700 ಕಾರ್ಮಿಕರನ್ನು ಖಾಯಂ ಮಾಡಬೇಕೆಂಬ ತೀರ್ಪು ಬಂತು. ಅಷ್ಟು ವರ್ಷ ದಾಖಲೆ ಸರಿಯಾಗಿ ಇಟ್ಟಿದ್ದರೆ ವಕೀಲರ ಶುಲ್ಕವಾದರೂ ಉಳಿಯುತ್ತಿತ್ತು! ರಸ್ತೆ ಕಾರ್ಮಿಕರಿಗೆ ಅಂಥ ಸಂಘವಿಲ್ಲ, ಒಂದೇ ಕಡೆ ಹತ್ತು ವರ್ಷ ನಿಲ್ಲುವ ಕೆಲಸವೂ ಅಲ್ಲ. ಅವರ ಪರವಾಗಿ ದಾಖಲೆಯೇ ಮಾತಾಡಬೇಕು.

ಪಗಾರಕ್ಕೂ ರಸ್ತೆಯ ಆಯುಷ್ಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಕಾಂಕ್ರೀಟ್ ಸುರಿದ ಮೇಲೆ ವೈಬ್ರೇಟರ್ ಹಿಡಿಯುವವನ ಕೈ ಪಳಗಿರಬೇಕು. ಕಡಿಮೆ ಹಿಡಿದರೆ ಒಳಗೆ ಗಾಳಿ ಉಳಿಯುತ್ತದೆ, ಹೆಚ್ಚು ಹಿಡಿದರೆ ಜಲ್ಲಿ ಕೆಳಗಿಳಿದು ಸಿಮೆಂಟಿನ ನೀರು ಮೇಲೆ ಬರುತ್ತದೆ. ಕೀಲುಗಳನ್ನು ಹೊತ್ತಿಗೆ ಸರಿಯಾಗಿ ಕತ್ತರಿಸದಿದ್ದರೆ ರಸ್ತೆ ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ಆ ಮೇಲೆ ದಿನಗಟ್ಟಲೆ ಗೋಣಿತಾಟು ಹಾಸಿ ನೀರುಣಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತಾಟು ಒಣಗಿದೆಯೋ ಎಂದು ನೋಡುವವನು ಎಂಜಿನಿಯರ್ ಅಲ್ಲ, ಆ ಬಿಗಾರಿ. ಮೂರು ವಾರದ ಪಗಾರ ನಿಂತಿದ್ದರೆ ಅವನು ಯಾಕೆ ನೋಡಿಯಾನು? ಪಗಾರ ಸಿಗದೆ ತಿಂಗಳಿಗೊಮ್ಮೆ ಗುಂಪು ಬದಲಾಗುವ ಸೈಟಿನಲ್ಲಿ ಕೈ ಪಳಗುವುದಾದರೂ ಹೇಗೆ? 30 ವರ್ಷದ ರಸ್ತೆಗೆ ಮೂರೇ ವರ್ಷದಲ್ಲಿ ಬಿರುಕು ಬಂದಾಗ ಸಿಮೆಂಟನ್ನು ಬೈಯುವ ಮೊದಲು ಹಾಜರಿ ಪುಸ್ತಕವನ್ನೂ ಒಮ್ಮೆ ತರಿಸಿ ನೋಡಬೇಕು.

2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ರಸ್ತೆ ಹೊಂಡಗಳಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂ., ಗಾಯಗೊಂಡವರಿಗೆ 50,000ದಿಂದ 2.5 ಲಕ್ಷ ರೂ.ವರೆಗೆ ಪರಿಹಾರ ಕೊಡಬೇಕೆಂದು ಹೇಳಿ, ಹೊಣೆಗಾರರಾದ ಅಧಿಕಾರಿ, ಗುತ್ತಿಗೆದಾರರಿಂದ ಅದನ್ನು ವಸೂಲು ಮಾಡುವ ದಾರಿಯನ್ನೂ ತೋರಿಸಿತು. ಕಾಂಕ್ರೀಟ್ ರಸ್ತೆಗೆ ಗುತ್ತಿಗೆದಾರನ ಮೇಲೆ ಹತ್ತು ವರ್ಷದ ದೋಷ ಹೊಣೆಗಾರಿಕೆಯೂ ಇದೆ. ರಸ್ತೆಯ ಬಿರುಕಿಗೆ ಹತ್ತು ವರ್ಷ ಹೊಣೆ ಹೊರುವವನು ಪಗಾರದ ಬಾಕಿಗೆ ಹತ್ತು ತಿಂಗಳಾದರೂ ಹೊಣೆ ಹೊರಬೇಡವೇ? ಮೇ ತಿಂಗಳ ಬಿಲ್ಲಿನ ಒಂದು ಭಾಗವನ್ನು ಪಗಾರ ಚುಕ್ತಾ ಆದ ಪಟ್ಟಿ ಬರುವವರೆಗೆ ತಡೆಹಿಡಿಯಲು ಪಾಲಿಕೆಗೆ ಹೊಸ ಕಾನೂನೇನೂ ಬೇಕಾಗಿಲ್ಲ.

ಇನ್ನೊಂದು ಹಣವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣಕ್ಕೆಂದು ಕಾಮಗಾರಿ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಮುರಿಯುತ್ತಾರೆ. ರಸ್ತೆ ಕೆಲಸವೂ ಅದರಲ್ಲಿ ಸೇರಿದೆ. 6,100 ಕೋಟಿಗೆ ಶೇ. 1 ಎಂದರೆ 61 ಕೋಟಿ ರೂ. ಆ ಹಣದಿಂದ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ನೆರವು ಸಿಗಬೇಕಾದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ನಾಲ್ಕು ಸೈಟುಗಳಲ್ಲಿ ನಾಲ್ಕು ಮುಕಾದಮರ ಕೈಕೆಳಗೆ ದುಡಿದವನಿಗೆ ಅದನ್ನು ಬರೆದುಕೊಡುವವರು ಯಾರು? ಸೆಸ್ ಮುರಿಯುವುದು ಸುಲಭ, ಸಹಿ ಹಾಕುವುದು ಕಷ್ಟ.

ಇಲ್ಲಿ ಕನ್ನಡ ಸಂಘ-ಸಂಸ್ಥೆಗಳಿಗೆ ಮಾಡಲು ಒಂದು ಕೆಲಸವಿದೆ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗೆ ಅಕ್ಷರ ಕಲಿಸಿ, ಬ್ಯಾಂಕು, ವಿಮಾ ಕಚೇರಿಗಳ ಕುರ್ಚಿಯವರೆಗೆ ತಲುಪಿಸಿದವು. ಆ ತಲೆಮಾರಿನವರು ಇಂದು ನಿವೃತ್ತರಾಗಿ ಸಂಘಗಳ ಕೋಶಾಧಿಕಾರಿಗಳಾಗಿದ್ದಾರೆ, ವಿಶ್ವಸ್ಥರಾಗಿದ್ದಾರೆ. ಪಾಸ್‌ಬುಕ್ ಓದುವುದು, ಅರ್ಜಿ ತುಂಬುವುದು, ಎರಡು ಕಾಗದಗಳ ಹೆಸರು ತಾಳೆಯಾಗುತ್ತದೆಯೋ ನೋಡುವುದು ಅವರಿಗೆ ಕರತಲಾಮಲಕ. ಭಾನುವಾರ ಬೆಳಿಗ್ಗೆ ಸಂಘದ ಸಭಾಗೃಹದಲ್ಲಿ ಅಥವಾ ನಾಕಾದ ಹತ್ತಿರದ ಶಾಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಇಂಟರ್ನೆಟ್ ಇರುವ ಒಂದು ಮೊಬೈಲ್ ಇಟ್ಟುಕೊಂಡು ಕೂತರೆ ಎಷ್ಟೋ ಗೋಜಲು ಬಿಡಿಸಬಹುದು.

ಉದಾಹರಣೆಗೆ ಹೆಸರಿನ ಸಮಸ್ಯೆ. ಊರಿನ ಆಧಾರ್ ಕಾರ್ಡಿನಲ್ಲಿ ‘ಬಸಪ್ಪ’ ಎಂದಿರುವುದು ಇಲ್ಲಿನ ಗುಮಾಸ್ತರ ಕೈಯಲ್ಲಿ ‘ಬಸಾಪ್ಪಾ’ ಆಗುತ್ತದೆ. ಮರಾಠಿ ಪದ್ಧತಿಯಂತೆ ತಂದೆಯ ಹೆಸರು ನಡುವೆ ಬರುತ್ತದೆ, ಅಡ್ಡಹೆಸರು ಇಲ್ಲದವನಿಗೆ ಊರಿನ ಹೆಸರೇ ಅಡ್ಡಹೆಸರಾಗುತ್ತದೆ. ಹಣ ತೆಗೆಯುವ ದಿನ ಬಂದಾಗ ಪಿ.ಎಫ್. ಖಾತೆಯ ಬಸಾಪ್ಪಾನೂ ಆಧಾರ್‌ನ ಬಸಪ್ಪನೂ ಬೇರೆ ಬೇರೆ ಮನುಷ್ಯರು! 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಪಡೆದ ಯುಎಎನ್ ಸಂಖ್ಯೆಯಾದರೆ 2025ರ ಜನವರಿಯಿಂದ ಈ ತಿದ್ದುಪಡಿಯನ್ನು ಮಾಲಕರ ಸಹಿಗೆ ಕಾಯದೆ ಸದಸ್ಯನೇ ಆನ್‌ಲೈನಿನಲ್ಲಿ ಮಾಡಿಕೊಳ್ಳಲು ಅವಕಾಶ ಬಂದಿದೆ. ಆದರೆ ಈ ಸಂಗತಿಯನ್ನು ಅವನ ಭಾಷೆಯಲ್ಲಿ ಅವನಿಗೆ ಹೇಳಿದವರು ಎಷ್ಟು ಜನ? ಇನ್ನೊಂದು ಗೊಂದಲ ಕಾರ್ಡುಗಳದ್ದು. 2021ರ ಆಗಸ್ಟ್‌ನಲ್ಲಿ ಬಂದ ಇ-ಶ್ರಮ್ ಕಾರ್ಡಿನ ಮೇಲೂ ಯುಎಎನ್ ಎಂದು 12 ಅಂಕೆಯ ಸಂಖ್ಯೆ ಇದೆ, ಭವಿಷ್ಯನಿಧಿಯ ಯುಎಎನ್ ಕೂಡ 12 ಅಂಕೆಯದ್ದೇ. ಇ-ಶ್ರಮ್ ಕಾರ್ಡನ್ನು ಜೋಪಾನವಾಗಿ ಪ್ಲಾಸ್ಟಿಕ್ ಹಾಕಿಸಿಟ್ಟುಕೊಂಡು, ಪಿ.ಎಫ್. ಇದೆ ಎಂದೇ ನಂಬಿರುವವರು ಇದ್ದಾರೆ. ಹೆಸರಿಟ್ಟವರಿಗೆ ಬೇರೆ ಹೆಸರೇ ಸಿಗಲಿಲ್ಲವೋ ಏನೋ.

ಈ ಕೆಲಸಕ್ಕೆ ಹೊರಡುವ ಮೊದಲು ಸಂಘಗಳು ತಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳಿತು. ಸಭಾಗೃಹದ ಕಾವಲುಗಾರ ಏಜೆನ್ಸಿಯ ಮೂಲಕ ಬಂದವನು. ಏಜೆನ್ಸಿಗೆ ತಿಂಗಳು ತಿಂಗಳು ಚೆಕ್ಕು ಹೋಗುತ್ತದೆ, ಅದರಲ್ಲಿ ಭವಿಷ್ಯನಿಧಿಯ ಬಾಬ್ತೂ ಸೇರಿರುತ್ತದೆ. ಅದು ಕಾವಲುಗಾರನ ಖಾತೆಗೆ ಬಿತ್ತೇ ಎಂದು ಕೇಳಿದ ಕೋಶಾಧಿಕಾರಿಗಳು ಎಷ್ಟು ಮಂದಿ? ಸದಸ್ಯರಲ್ಲಿ ಹೋಟೆಲ್ ಮಾಲಕರಿದ್ದಾರೆ, ಗುತ್ತಿಗೆದಾರರೂ ಇದ್ದಾರೆ. ಊಟ, ವಸತಿ ಕೊಡುತ್ತೇವೆ, ಮನೆಯ ಹುಡುಗನಂತೆ ನೋಡಿಕೊಳ್ಳುತ್ತೇವೆ ಎಂಬ ಮಾತು ಮನಃಪೂರ್ವಕವಾದದ್ದೇ ಇರಬಹುದು. ಆದರೆ ಮನೆಯ ಹುಡುಗನಿಗೂ 58 ವರ್ಷ ಆಗುತ್ತದೆ. ನೇಮಕಾತಿ ಪತ್ರ, ಪಗಾರ ಚೀಟಿ, ಪಿ.ಎಫ್. ನಂಬರು ಈ ಮೂರನ್ನು ಬರವಣಿಗೆಯಲ್ಲಿ ಕೊಟ್ಟ ಹೋಟೆಲಿನ ಹೆಸರನ್ನು ವಾರ್ಷಿಕೋತ್ಸವದ ವೇದಿಕೆಯಲ್ಲಿ ಹೇಳಿ ಒಂದು ಶಾಲು ಹೊದಿಸಿದರೆ ತಪ್ಪಿಲ್ಲ. ಶಾಲುಗಳಿಗಂತೂ ನಮ್ಮ ಸಂಘಗಳಲ್ಲಿ ಎಂದೂ ಬರ ಬಂದಿಲ್ಲ.

ಪಾಲಿಕೆಗೆ ಮನವಿ ಕೊಡುವುದಿದ್ದರೆ ಹತ್ತು ಸಂಘಗಳು ಸೇರಿ ಕೊಡಬೇಕು. ಮನವಿಯಲ್ಲಿ ಕೇಳಬೇಕಾದುದೂ ದೊಡ್ಡದೇನಲ್ಲ. ರಸ್ತೆ ಕಾಮಗಾರಿಯ ಫಲಕದ ಮೇಲೆ ಗುತ್ತಿಗೆದಾರನ ಹೆಸರು, ವೆಚ್ಚ, ಮುಗಿಯುವ ದಿನಾಂಕ ಬರೆದಂತೆ ದಿನದ ಕನಿಷ್ಠ ಕೂಲಿ ಎಷ್ಟು, ಪಗಾರ ಬಾಕಿಯಾದರೆ ವಾರ್ಡಿನಲ್ಲಿ ಯಾರಿಗೆ ದೂರು ಕೊಡಬೇಕು ಎಂಬ ಎರಡು ಸಾಲುಗಳನ್ನೂ ಮರಾಠಿ, ಹಿಂದಿ, ಕನ್ನಡ, ತೆಲುಗಿನಲ್ಲಿ ಬರೆಯಿಸಲಿ. 90 ದಿನದ ಪ್ರಮಾಣಪತ್ರಕ್ಕೆ ಸಹಿ ಹಾಕಲು ವಾರ್ಡ್ ಕಚೇರಿಯಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಲಿ. ಬಿಲ್ಲಿನ ಜತೆ ಇಸಿಆರ್ ಪಟ್ಟಿ ಇಲ್ಲದಿದ್ದರೆ ಬಿಲ್ಲು ಮುಂದಿನ ಮೇಜಿಗೆ ಹೋಗದಿರಲಿ.

ಭಾನುವಾರದ ಮೇಜನ್ನು ಏಪ್ರಿಲ್‌ನಲ್ಲೇ ಹಾಕುವುದು ಮೇಲು. ಮೇ ಕೊನೆಗೆ ಊರ ಕಡೆಯ ರೈಲುಗಳು ತುಂಬಿ ಹೋಗುತ್ತವೆ, ಆ ಮೇಲೆ ನಾಕಾದಲ್ಲಿ ಕೇಳಿದರೂ ಹೇಳಲು ಯಾರೂ ಇರುವುದಿಲ್ಲ. ಬರುವವರು ಆಧಾರ್, ಬ್ಯಾಂಕ್ ಪಾಸ್‌ಬುಕ್, ಮುಕಾದಮ ಬರೆದುಕೊಟ್ಟ ಚೀಟಿ ಏನಿದ್ದರೆ ಅದು, ಮತ್ತು ಕೆಲಸ ಮಾಡಿದ ರಸ್ತೆಯ ಫಲಕದ ಒಂದು ಫೋಟೋ ತಂದರೆ ಸಾಕು. ಆ ಫಲಕದಲ್ಲಿ ಮುಖ್ಯ ಗುತ್ತಿಗೆದಾರನ ಹೆಸರಿರುತ್ತದೆ, ದೂರು ಶುರುವಾಗಬೇಕಾದದ್ದು ಅಲ್ಲಿಂದಲೇ.